ಸುರಕ್ಷತಾ ಸಪ್ತಾಹ ಮೀಮಾಂಸೆ

ಅನುಬಂಧ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಹೇಳದೆ ಯಾವ ಶಾಸ್ತ್ರಗ್ರಂಥವೂ ಶುರುವಾಗಬಾರದು. ಇಲ್ಲಿ ವಿಷಯ, ಕಾರ್ಖಾನೆಗಳಲ್ಲಿ ವರ್ಷಕ್ಕೊಂದು ವಾರ ಉಕ್ಕಿ ಹರಿಯುವ ಬಂಧುಭಾವ. ಪ್ರಯೋಜನ, ಉಳಿದ ಐವತ್ತೊಂದು ವಾರ ಅದು ಎಲ್ಲಿ ತಲೆಮರೆಸಿಕೊಂಡಿರುತ್ತದೆಂದು ಪತ್ತೆ ಹಚ್ಚುವುದು. ಸಂಬಂಧ, ಆ ಬಂಧುಭಾವಕ್ಕೂ ಕಾರ್ಮಿಕನ ಹತ್ತು ಬೆರಳುಗಳಿಗೂ ಇರುವ ನಂಟು. ಶೋಧದ ಕ್ಷೇತ್ರ, ನಾಶಿಕದ ಸಾತ್ಪುರ ಮತ್ತು ಅಂಬಡ, ಛತ್ರಪತಿ ಸಂಭಾಜಿನಗರದ ವಾಳೂಜ್, ಚಿಕಲ್‌ಠಾಣಾ ಮತ್ತು ಶೇಂದ್ರಾ ಎಂಬ ಎಂಐಡಿಸಿ ಕೈಗಾರಿಕಾ ಪ್ರದೇಶಗಳು.

ಇನ್ನು ಅಧಿಕಾರಿ. ಮರಾಠಿ ನೆಲದ ಕಾರ್ಖಾನೆಗಳ ಮೇಲೆ ಕನ್ನಡದ ಪಂಡಿತನಿಗೇನು ಅಧಿಕಾರ ಎಂದು ಕೇಳುವವರಿದ್ದಾರೆ. ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಒಯ್ದಿದೆ. ಸಾತ್ಪುರ, ಅಂಬಡಗಳು ಹೊಳೆಯ ಈಚೆ ದಂಡೆಯಲ್ಲಿವೆ. ಅಲ್ಲಿಗೆ ವಾದ ಮುಗಿಯಿತು. ಸಂಭಾಜಿನಗರ ಆಚೆ ದಂಡೆಯದು, ಒಪ್ಪಿದೆವು. ಆದರೆ ಅದರ ನೆರೆಯ ಎಲ್ಲೋರದಲ್ಲಿ ಕೈಲಾಸ ದೇವಾಲಯವನ್ನು ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಎಂಟನೆಯ ಶತಮಾನದಲ್ಲೇ ಅಷ್ಟು ದೊಡ್ಡ ಕಾಮಗಾರಿ ಮುಗಿಸಿಕೊಟ್ಟವರಿಗೆ ಹನ್ನೆರಡು ಶತಮಾನ ಬಿಟ್ಟು ಬಂದು ತಪಾಸಣೆ ಮಾಡುವ ಹಕ್ಕೂ ಇಲ್ಲವೇ?

ಭಾಟ್ಟ ಮೀಮಾಂಸಕರು ಒಪ್ಪುವ ಪ್ರಮಾಣಗಳು ಆರು. ಕ್ರಮದಲ್ಲಿ ಎರಡನೆಯದಾದ ಅನುಮಾನವನ್ನು ಮಾತ್ರ ಇಲ್ಲಿ ಕೊನೆಗೆ ಇಟ್ಟಿದ್ದೇವೆ. ಕಾರಣ ಅಲ್ಲಿಗೆ ಬಂದಾಗ ತಿಳಿಯುತ್ತದೆ.

ಪ್ರತ್ಯಕ್ಷ

ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ್ದು 1966ರ ಮಾರ್ಚ್ 4ರಂದು. 1972ರಿಂದ ಆ ದಿನವನ್ನು ಸುರಕ್ಷತಾ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ ಯಾವ ಹಬ್ಬವೂ ಒಂದೇ ದಿನಕ್ಕೆ ಮುಗಿಯುವುದಿಲ್ಲವಾದ್ದರಿಂದ ಇದೂ ಮಾರ್ಚ್ 10ರ ತನಕ ಹಬ್ಬಿಕೊಂಡಿದೆ. ಆ ವಾರ ಕಣ್ಣಿಗೆ ಬೀಳುವ ಸಂಗತಿಗಳು ಇವು: ಗೇಟಿಗೆ ಬ್ಯಾನರು, ಎದೆಗೆ ಬಿಲ್ಲೆ, ಬಲಗೈ ಮುಂದೆ ಚಾಚಿ ಪ್ರತಿಜ್ಞೆ, ರಂಗೋಲಿ ಸ್ಪರ್ಧೆ, ಘೋಷವಾಕ್ಯ ಸ್ಪರ್ಧೆ, ಗೆದ್ದವರಿಗೆ ಸ್ಟೀಲ್ ಡಬ್ಬಿ, ಸೋತವರಿಗೆ ಚಿವಡಾ ಪೊಟ್ಟಣ. ಮೇಲಿನಿಂದ ಬೀಳುವಂಥದ್ದು ಭಾಷಣವೊಂದೇ ಇರುವ ಶಾಮಿಯಾನದಡಿ ಸಾಹೇಬರೆಲ್ಲ ಹೆಲ್ಮೆಟ್ ಹಾಕಿ ಕೂತಿರುತ್ತಾರೆ. ಕಬ್ಬಿಣ ಬೀಳುವ ಜಾಗದಲ್ಲಿ ಹೆಲ್ಮೆಟ್ ಕಾಣದಿದ್ದರೆ ಗಾಬರಿ ಬೇಡ. ಅವು ಶಾಮಿಯಾನಕ್ಕೆ ಬಂದಿವೆ.

ಉಪಮಾನ

ಕಾಡಿನಲ್ಲಿ ಗವಯವೆಂಬ ಮೃಗವನ್ನು ಕಂಡವನಿಗೆ ಅದಕ್ಕೂ ಮನೆಯ ಹಸುವಿಗೂ ಇರುವ ಹೋಲಿಕೆ ಹೊಳೆಯುವುದೇ ಉಪಮಾನ. ಕಾರ್ಖಾನೆಯನ್ನು ಕಂಡ ಎಚ್‌ಆರ್ ವಿಭಾಗ ‘ಇದು ಕುಟುಂಬದಂತಿದೆ’ ಎಂದು ತಿಳಿದದ್ದೂ ಹೀಗೆಯೇ. ಹೋಲಿಕೆಯನ್ನು ನಾವು ಶ್ರದ್ಧೆಯಿಂದ ಪರೀಕ್ಷಿಸಿದೆವು. ಈ ಮನೆಯಲ್ಲಿ ಕೆಲವರು ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು. ಅವರಿಗೆ ‘ಪರ್ಮನೆಂಟ್’ ಎಂದು ಹೆಸರು. ಉಳಿದವರು ಕಾಂಟ್ರಾಕ್ಟ್ ಮಕ್ಕಳು. ಕೆಲವು ತಿಂಗಳಿಗೊಮ್ಮೆ ಮನೆ ಬಿಟ್ಟು, ಬ್ರೇಕ್ ಎಂಬ ಸೂತಕ ಕಳೆದು, ಹೊಸ ಟೋಕನ್ ನಂಬರಿನೊಂದಿಗೆ ಮತ್ತೆ ಹುಟ್ಟುತ್ತಾರೆ. ಕೇಕ್ ಕತ್ತರಿಸುವಾಗ ಎಲ್ಲರೂ ಕುಟುಂಬದವರೇ. ಕೈ ಕತ್ತರಿಸಿದರೆ ಮಾತ್ರ ‘ಅವನು ನಮ್ಮವನಲ್ಲ, ಠೇಕೇದಾರನ ಕಡೆಯವನು’ ಎಂಬ ವಂಶವೃಕ್ಷ ಹೊರಬರುತ್ತದೆ. ಆದ್ದರಿಂದ ಕಾರ್ಖಾನೆ ಕುಟುಂಬದಂತೆಯೇ ಇದೆ ಎಂಬುದನ್ನು ಒಪ್ಪಬೇಕು. ಆಸ್ತಿ ಪಾಲಾಗುವ ದಿನದ ಕುಟುಂಬ ಎಂದು ಸ್ಪಷ್ಟಪಡಿಸಿದರೆ ಸಾಕು.

ಶಬ್ದ

ಇಲ್ಲಿ ಬಹುಕಾಲ ವೇದವಾಕ್ಯವಾಗಿದ್ದದ್ದು 1948ರ ಕಾರ್ಖಾನೆ ಕಾಯ್ದೆ. ನೂರೈವತ್ತು ಕಾರ್ಮಿಕರಿಗೊಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇನ್ನೂರೈವತ್ತು ದಾಟಿದರೆ ಕ್ಯಾಂಟೀನು, ಸಾವಿರ ಮುಟ್ಟಿದರೆ ಸೇಫ್ಟಿ ಆಫೀಸರು ಎಂದು ಅದು ವಿಧಿಸಿತು. ಅಂದರೆ ಕಾರ್ಮಿಕರಿಗೆ ಮೊದಲು ಗಾಯವಾಗುತ್ತದೆ, ಆಮೇಲೆ ಹಸಿವಾಗುತ್ತದೆ, ಕೊನೆಗೆ ಸುರಕ್ಷತೆ ಬೇಕಾಗುತ್ತದೆ. ಅಪಾಯಕಾರಿ ಪ್ರಕ್ರಿಯೆ ನಡೆಯುವಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿ ಕೂತು ಮಾತಾಡುವ ಸುರಕ್ಷತಾ ಸಮಿತಿ ಇರಬೇಕೆಂದು 1987ರಲ್ಲಿ ತಿದ್ದುಪಡಿಯಾಯಿತು. ಭೋಪಾಲದ ಅನಿಲ ಸೋರಿ ಆಗಲೇ ಎರಡು ವರ್ಷ ದಾಟಿತ್ತು. ಶ್ರುತಿಗೆ ಸ್ಮೃತಿ ಯಾವಾಗಲೂ ತಡವಾಗಿಯೇ ಸೇರುತ್ತದೆ.

ಉಗುಳುವವರಿಗೆ 20ನೇ ಕಲಮು ವಿಧಿಸಿದ ದಂಡ ಹೆಚ್ಚೆಂದರೆ ಐದು ರೂಪಾಯಿ. ಏಳು ದಶಕಗಳಲ್ಲಿ ಚಿನ್ನ, ಈರುಳ್ಳಿ, ಬಾಡಿಗೆ ಎಲ್ಲವೂ ಏರಿದವು, ಉಗುಳು ಮಾತ್ರ ಸ್ಥಿರವಾಗಿ ನಿಂತಿತು. ಈ ಕಾಯ್ದೆಯೂ ಸೇರಿ ಹದಿಮೂರು ಕಾಯ್ದೆಗಳನ್ನು ಒಂದರಲ್ಲಿ ಮಡಿಚಿದ 2020ರ ಹೊಸ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅದರ ಮೇಲಿನ ಭಾಷ್ಯವನ್ನು ಮುಂದಿನ ಪಂಡಿತರಿಗೆ ಬಿಟ್ಟಿದ್ದೇವೆ.

ಅರ್ಥಾಪತ್ತಿ

‘ದಷ್ಟಪುಷ್ಟ ದೇವದತ್ತ ಹಗಲು ಉಣ್ಣುವುದಿಲ್ಲ’ ಎಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಗುರುಕುಲ ಬಿಟ್ಟ ಮೇಲೆ ದೇವದತ್ತ ವಾಳೂಜಿನ ಪ್ರೆಸ್ ಶಾಪಿಗೆ ಸೇರಿದ್ದಾನೆಂದು ಇಟ್ಟುಕೊಳ್ಳಿ. ಅವನ ಪವರ್ ಪ್ರೆಸ್ಸಿಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಲ್ಲಿ ಒಟ್ಟಿಗೆ ಒತ್ತದ ಹೊರತು ಪ್ರೆಸ್ ಇಳಿಯುವುದಿಲ್ಲ. ಎರಡೂ ಕೈ ಗುಂಡಿಯ ಮೇಲಿದ್ದರೆ ಡೈಯೊಳಗೆ ಯಾವ ಕೈಯೂ ಇರುವುದಿಲ್ಲ ಎಂಬುದೇ ಅದರ ಯುಕ್ತಿ. ಈಗ ದೇವದತ್ತನ ಒಂದು ಕೈ ಡೈಯಲ್ಲಿತ್ತು, ಪ್ರೆಸ್ ಇಳಿಯಿತು. ಇವೆರಡೂ ನಿಜವಾಗಬೇಕಾದರೆ ಒಂದು ಗುಂಡಿಯನ್ನು ಯಾರೋ ಮೊದಲೇ ಕಟ್ಟಿಹಾಕಿರಲೇಬೇಕು. ಏಕೆ ಕಟ್ಟಿದರು? ಶಿಫ್ಟಿನ ಟಾರ್ಗೆಟ್ ಎರಡು ಕೈಯಲ್ಲಿ ಮುಗಿಯುವುದಿಲ್ಲ, ಅದಕ್ಕೆ.

ಟಾರ್ಗೆಟ್ ಹೊಸದೇನಲ್ಲ. ಮರಾಠಿಯ ‘ಕಥಾಕಲ್ಪತರು’ವಿನ ಐತಿಹ್ಯದಲ್ಲಿ ರಾಣಿ ಮಾಣಿಕಾವತಿ ಎಲ್ಲೋರದ ದೇಗುಲದ ಶಿಖರ ಕಾಣುವ ತನಕ ಊಟ ಮುಟ್ಟುವುದಿಲ್ಲವೆಂದು ಹರಕೆ ಹೊತ್ತಳು. ಶಿಲ್ಪಿಗಳೆಲ್ಲ ಕೈಚೆಲ್ಲಿದಾಗ ಪೈಠಣದ ಕೋಕಾಸನೆಂಬವನು ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡೆಯುತ್ತ ಬಂದು, ವಾರದೊಳಗೆ ಶಿಖರ ತೋರಿಸಿ ರಾಣಿಗೆ ಊಟ ಮಾಡಿಸಿದ. ಕೈಲಾಸವನ್ನು ಮೇಲಿನಿಂದಲೇ ಕಡೆದದ್ದು ಐತಿಹ್ಯವಲ್ಲ, ಹೋದವರೆಲ್ಲ ನೋಡಬಹುದು. ಗಡುವು ಇಕ್ಕಟ್ಟಾದಾಗ ಕೋಕಾಸ ಕೆಲಸದ ಕ್ರಮವನ್ನೇ ಬದಲಿಸಿದ. ನಮ್ಮ ಕಾಲದ ಕೋಕಾಸರು ಗುಂಡಿಗೆ ಹಗ್ಗ ಹುಡುಕುತ್ತಾರೆ.

ಇಲ್ಲಿ ಬೆರಳುಗಣಿತವೆಂಬ ಉಪಶಾಸ್ತ್ರ ಹುಟ್ಟುತ್ತದೆ. 1923ರ ಪರಿಹಾರ ಕಾಯ್ದೆಯ ಅನುಸೂಚಿ ಪ್ರಕಾರ ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿ ಶೇ. 14 ಕುಂದುತ್ತಿತ್ತು, ಮಧ್ಯದ ಬೆರಳಿಗೆ 12, ಉಂಗುರಬೆರಳು ಮತ್ತು ಕಿರುಬೆರಳಿಗೆ ತಲಾ 7. ಕೂಡಿದರೆ 40. ಆದರೆ ಒಂದೇ ಕೈಯ ನಾಲ್ಕೂ ಬೆರಳು ಒಟ್ಟಿಗೆ ಹೋದರೆ ಅದೇ ಅನುಸೂಚಿ 50 ಕೊಡುತ್ತಿತ್ತು. ಈ ಹೆಚ್ಚಿನ ಹತ್ತು ಎಲ್ಲಿಂದ ಬಂತೆಂದು ಬಹಳ ಚಿಂತಿಸಿ ಕಂಡುಕೊಂಡೆವು: ಅದು ಒಗ್ಗಟ್ಟಿನ ಭತ್ಯೆ. ಕಾರ್ಖಾನೆಯಲ್ಲಿ ಬಂಧುಭಾವಕ್ಕೆ ಕಾನೂನು ಅಂಕಿಯಲ್ಲಿ ಕಟ್ಟಿದ ಬೆಲೆ ಇದೊಂದೇ. ಅದನ್ನು ಪಡೆಯಲು ಬೆರಳುಗಳು ಒಟ್ಟಿಗೇ ಹೊರಡಬೇಕಿತ್ತು. ಹೆಬ್ಬೆರಳಿನದು 30. ಗುರುದಕ್ಷಿಣೆ ಕೊಟ್ಟಾಗ ಏಕಲವ್ಯನಿಗೆ ಈ ಅನುಸೂಚಿ ಸಿಕ್ಕಿರಲಿಲ್ಲ.

ಅನುಪಲಬ್ಧಿ

ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ‘ಇಲ್ಲಿ ಮಡಕೆ ಇಲ್ಲ’ ಎಂಬುದು ಹಳೆಯ ಉದಾಹರಣೆ. ‘ರಿಜಿಸ್ಟರಿನಲ್ಲಿ ಅಪಘಾತ ಇಲ್ಲ’ ಎಂಬುದು ಹೊಸದು. ಗಾಯಗೊಂಡವನು ನಲವತ್ತೆಂಟು ಗಂಟೆ ಕೆಲಸ ಮಾಡಲಾಗದಿದ್ದರೆ ಸರಕಾರಕ್ಕೆ ವರದಿ ಮಾಡಬೇಕೆಂದು ಕಾರ್ಖಾನೆ ಕಾಯ್ದೆಯ 88ನೇ ಕಲಮು ಹೇಳಿತ್ತು. ಆದ್ದರಿಂದ ಕೈಗೆ ಬ್ಯಾಂಡೇಜು ಸುತ್ತಿದ ದೇವದತ್ತನನ್ನು ಮರುದಿನ ಮನೆಗೇ ಹೋಗಿ ಕರೆತರುತ್ತಾರೆ. ಟೈಮ್ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಡುತ್ತಾರೆ, ಎರಡು ಸಲ ಚಹಾ ಕೊಡುತ್ತಾರೆ, ಹಾಜರಿ ಹಾಕುತ್ತಾರೆ. ಇಷ್ಟು ಅಕ್ಕರೆ ಅವನಿಗೆ ಕೈ ಸರಿಯಾಗಿದ್ದಾಗ ಸಿಕ್ಕಿರಲಿಲ್ಲ. ಗೇಟಿನ ಬಳಿಯ ‘ಅಪಘಾತರಹಿತ ದಿನಗಳು’ ಬೋರ್ಡು ಆ ಎರಡು ದಿನಗಳನ್ನೂ ಎಣಿಸಿಕೊಂಡು ಮುಂದೆ ಸಾಗುತ್ತದೆ.

ಅನುಮಾನ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂಬುದು ತರ್ಕಶಾಸ್ತ್ರ ಓದುವ ಮಗುವಿಗೂ ಗೊತ್ತು. 2023ರ ಜನವರಿ 1ರಂದು ನಾಶಿಕ ಜಿಲ್ಲೆಯ ಇಗತ್ಪುರಿ ಬಳಿ, ಮುಂಢೇಗಾಂವಿನ ಕಾರ್ಖಾನೆಯೊಂದರಿಂದ ಎದ್ದ ಹೊಗೆ ಬಲು ದೂರಕ್ಕೆ ಕಂಡಿತ್ತು. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರ ಅಪರಾತ್ರಿ, ವಾಳೂಜಿನಲ್ಲಿ ಕೈಗವಸು ತಯಾರಿಸುವ ಘಟಕಕ್ಕೆ ಬೆಂಕಿ ಬಿತ್ತು. ದುಡಿದ ಜಾಗದಲ್ಲೇ ಮಲಗಿದ್ದವರಲ್ಲಿ ಆರು ಜನ ತೀರಿಕೊಂಡರು. ಪರರ ಕೈ ಕಾಯಲೆಂದು ಗವಸು ಹೊಲಿಯುತ್ತಿದ್ದವರು ಅವರು. ಬೆಂಕಿ ಬಿದ್ದರೆ ಪಾರಾಗುವ ದಾರಿ ಕಾರ್ಖಾನೆಯಲ್ಲಿ ಸದಾ ಇರಬೇಕೆಂದು ಅದೇ ಕಾರ್ಖಾನೆ ಕಾಯ್ದೆಯ 38ನೇ ಕಲಮು ಹೇಳುತ್ತಿತ್ತು. ಹೊಗೆಯಿಂದ ಬೆಂಕಿಯನ್ನು ತಿಳಿಯುವ ಶಾಸ್ತ್ರಕ್ಕೆ ಬಾಗಿಲು ತೆರೆಯಲು ಬರುವುದಿಲ್ಲ. ಈ ಪ್ರಕರಣಕ್ಕೆ ಭಾಷ್ಯವಿಲ್ಲ.

ಸಿದ್ಧಾಂತ

ಹಾಗಾದರೆ ದುಡಿಯುವವರ ನಡುವೆ ಬಂಧುಭಾವವೇ ಸುಳ್ಳೇ ಎಂಬ ಪೂರ್ವಪಕ್ಷಕ್ಕೆ ಉತ್ತರ ನಾಶಿಕದಲ್ಲೇ ಇದೆ. ಅಂಬಡಕ್ಕೆ ಸಮೀಪದ ತ್ರಿರಶ್ಮಿ ಬೆಟ್ಟದ ಬೌದ್ಧ ವಿಹಾರದ ಗುಹೆಗಳನ್ನು ಜನ ಪಾಂಡವಲೇಣಿ ಎನ್ನುತ್ತಾರೆ. ಕ್ರಿ.ಶ. ಮೂರನೆಯ ಶತಮಾನದಲ್ಲಿ, ಆಭೀರ ರಾಜ ಈಶ್ವರಸೇನನ ಕಾಲಕ್ಕೆ, ವಿಷ್ಣುದತ್ತಾ ಎಂಬ ಉಪಾಸಿಕೆ ಅಲ್ಲೊಂದು ಶಾಸನ ಬರೆಸಿದಳು. ನೀರಿನ ಯಂತ್ರ ಮಾಡುವವರ, ಎಣ್ಣೆ ಗಾಣದವರ ಮತ್ತಿತರ ಶ್ರೇಣಿಗಳಲ್ಲಿ ಅವಳು ಹಣವನ್ನು ಅಕ್ಷಯನೀವಿಯಾಗಿ ಇಟ್ಟಳು. ಅಸಲು ಮುಟ್ಟುವಂತಿಲ್ಲ, ಅದರ ಹುಟ್ಟುವಳಿಯಿಂದ ಆ ವಿಹಾರದ ರೋಗಿಗಳಿಗೆ ಔಷಧ.

ಗಮನಿಸಬೇಕಾದ ಅಂಶ ಮೂರು. ಕಾಯಿಲೆ ಬೀಳುವ ಮೊದಲೇ ಹಣ ತೆಗೆದಿಟ್ಟರು. ಆ ಹಣದ ಹೊಣೆ ಹೊತ್ತವರು ಕಸುಬುದಾರರ ಸಂಘಗಳವರು. ಔಷಧ ಸಲ್ಲಬೇಕಾದದ್ದು ನಾಲ್ಕೂ ದಿಕ್ಕಿನಿಂದ ಬಂದ ಭಿಕ್ಷುಗಳ ಸಂಘಕ್ಕೆ. ಪರ್ಮನೆಂಟ್ ಭಿಕ್ಷು, ಕಾಂಟ್ರಾಕ್ಟ್ ಭಿಕ್ಷು ಎಂಬ ಭೇದ ಕಲ್ಲಿನಲ್ಲಿ ಎಲ್ಲೂ ಇಲ್ಲ. ರಂಗೋಲಿ ಸ್ಪರ್ಧೆಯ ಉಲ್ಲೇಖವೂ ಇಲ್ಲ. ಆದ್ದರಿಂದ ಸಿದ್ಧಾಂತ ಹೀಗೆ: ಲೆಕ್ಕಪುಸ್ತಕದಲ್ಲಿ, ಯಂತ್ರದ ಗಾರ್ಡಿನಲ್ಲಿ, ಹೊರಬಾಗಿಲ ಚಿಲಕದಲ್ಲಿ ಕಾಣುವುದಷ್ಟೇ ಬಂಧುಭಾವ. ಉಳಿದದ್ದು ಚಿವಡಾ.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದ ಮ್ಯಾನೇಜರನಿಗೆ ಭಾಷಣ ಚಿಕ್ಕದಾಗುವುದು. ಸೇಫ್ಟಿ ಆಫೀಸರಿಗೆ ಲೈನ್ ನಿಲ್ಲಿಸುವ ಧೈರ್ಯ ಬರುವುದು. ಠೇಕೇದಾರನಿಗೆ ತನ್ನ ಕಡೆಯವರ ಹೆಸರು ನೆನಪಾಗುವುದು. ದೇವದತ್ತನು ಹತ್ತು ಬೆರಳೂ ಇರುವಾಗಲೇ ಪಿಂಚಣಿ ಎಣಿಸಿಕೊಳ್ಳುವನು. ಇದನ್ನು ಖಂಡಿಸಬಯಸುವ ಪಂಡಿತರಿಗೆ ಸ್ವಾಗತವಿದೆ. ಆದರೆ ಪ್ರೆಸ್ಸಿನ ಗುಂಡಿಗೆ ಕಟ್ಟಿದ ಹಗ್ಗವನ್ನು ಮೊದಲು ಬಿಚ್ಚಿ, ಆಮೇಲೆ ವಾದಕ್ಕೆ ಕೂರತಕ್ಕದ್ದು.