ಬಡವರು ಬೇಕು, ಬೆಳಿಗ್ಗೆ ಏಳರ ಮೇಲೆ

ಬೆಂಗಳೂರಿನ ಕೋರಮಂಗಲಕ್ಕೆ ಬಡವರನ್ನು ಕಂಡರಾಗದು ಎನ್ನುವುದು ಶುದ್ಧ ಅಪಪ್ರಚಾರ. ಪಾತ್ರೆ ತೊಳೆಯುವಾಕೆ ಹತ್ತು ನಿಮಿಷ ತಡ ಮಾಡಿದರೆ ಸಾಕು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಗುಂಪೇ ಕಂಗಾಲು. ಸ್ವಂತ ನೆಂಟರಿಗೂ ಯಾರೂ ಹೀಗೆ ಬಾಗಿಲು ಕಾಯುವುದಿಲ್ಲ. ತಕರಾರು ಇರುವುದು ಒಂದೇ: ಈ ಜನ ರಾತ್ರಿ ಮಲಗುತ್ತಾರೆ. ಅದೂ ಕಾಲು ಚಾಚಿ, ಚದರಡಿಗೆ ಇಷ್ಟು ಸಾವಿರ ಎಂದು ಬೆಲೆ ಬಾಳುವ ನೆಲದ ಮೇಲೆ.

ಈ ದುರಭ್ಯಾಸ ಬಿಡಿಸಲು ಪಕ್ಕದ ಈಜಿಪುರದಲ್ಲಿ ದೊಡ್ಡ ಪ್ರಯತ್ನವೇ ನಡೆಯಿತು. ಅಲ್ಲಿದ್ದುದು ಪಾಲಿಕೆಯೇ ಬಡವರಿಗೆಂದು ಕಟ್ಟಿಸಿದ ಇಡಬ್ಲ್ಯುಎಸ್ ಕ್ವಾರ್ಟರ್ಸ್. ಎಂಥ ಕಾಮಗಾರಿ ಅಂತೀರಿ, 2007ರಲ್ಲಿ ಒಂದು ಬ್ಲಾಕ್ ಜೆಸಿಬಿಯ ಹಂಗಿಲ್ಲದೆ ತಾನೇ ಕುಸಿಯಿತು. ಜನ ತಗಡಿನ ಶೆಡ್ಡು ಸೇರಿದರು. ಆ ಜಾಗದ ಸುಮಾರು 15 ಎಕರೆಗೆ ಖಾಸಗಿ ಕಂಪನಿಯೊಂದರ ಜೊತೆ ಕರಾರಾಯಿತು. ಅಣ್ಣತಮ್ಮಂದಿರ ಪಾಲುಪಟ್ಟಿಯಷ್ಟೇ ಅಚ್ಚುಕಟ್ಟು: ಒಂದು ಪಾಲಿನಲ್ಲಿ ಬಡವರಿಗೆ ಫ್ಲ್ಯಾಟು, ಇನ್ನೊಂದರಲ್ಲಿ ಮಾಲು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಆ ಶೆಡ್ಡುಗಳನ್ನೂ ನೆಲಸಮ ಮಾಡಿದರು. ಫ್ಲ್ಯಾಟು ಬರುವ ತನಕ ಎಲ್ಲಿರಬೇಕು ಎಂದು ಕೇಳಿದ ಹೆಂಗಸರನ್ನು ವ್ಯಾನಿಗೆ ಹತ್ತಿಸಿದರು. ವ್ಯಾನಿಗೂ ತಗಡಿನ ಸೂರೇ ಇರುವುದರಿಂದ ಅದನ್ನು ತಾತ್ಕಾಲಿಕ ಪುನರ್ವಸತಿ ಎನ್ನಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ಫುಟ್‌ಪಾತಿನಲ್ಲೇ ಒಲೆ ಹೂಡಿ ಹೋರಾಟಕ್ಕೆ ಕೂತವರನ್ನು ಮಣಿಸಲು ಲಾಠಿ ಸಾಲದಾದಾಗ ಸರ್ಕಾರಿ ಬುದ್ಧಿ ಕಾಗದ ಕೇಳಿತು. ಮೂಲ ಹಂಚಿಕೆದಾರರು ಯಾರು? ಭೋಗ್ಯಕ್ಕೆ ಬಂದವರು ಯಾರು, ಬಾಡಿಗೆಯವರು ಯಾರು? ನಿನ್ನೆಯ ತನಕ ಒಂದೇ ನಲ್ಲಿಯಲ್ಲಿ ಜಗಳವಾಡುತ್ತ ನೀರು ಹಿಡಿದವರು ಮೂರು ಜಾತಿಯಾದರು. ಕೆಲವರ ಪಾಲಿಗೆ ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆ ಬಂತು. ಅಲ್ಲಿ ಗಾಳಿ ಬಹಳ ಚೆನ್ನಾಗಿದೆಯಂತೆ. ಏಳಕ್ಕೆ ಕೋರಮಂಗಲದ ಸಿಂಕಿನ ಮುಂದೆ ನಿಲ್ಲಬೇಕಾದವಳು ಆ ಗಾಳಿ ಕುಡಿದು ಬಸ್ಸಿಗೆ ಓಡಬೇಕು, ಅಷ್ಟೆ.

ನಮ್ಮಲ್ಲೂ ಹೋರಾಟಗಾರರಿಗೆ ಬರವಿಲ್ಲ. ಭಾನುವಾರ ಬೆಳಿಗ್ಗೆ ಮರ ಉಳಿಸಿ, ಕೆರೆ ಉಳಿಸಿ ಎಂದು ಫಲಕ ಹಿಡಿಯುತ್ತಾರೆ. ಆಮೇಲೆ ಫಿಲ್ಟರ್ ಕಾಫಿ. ಬಾಡಿಗೆ ಇಳಿಸಿ ಎಂಬ ಫಲಕ ಮಾತ್ರ ಕಾಣದು. ಫಲಕ ಹಿಡಿದವರಲ್ಲಿ ಕೆಲವರು ಹತ್ತು ತಿಂಗಳ ಅಡ್ವಾನ್ಸು ಎಣಿಸಿಕೊಂಡ ಮಾಲೀಕರೇ ಆಗಿರುವಾಗ ಹಾಗೆ ಬರೆಯಲು ಕೈ ಹೇಗೆ ಬಂದೀತು?

ಅದೇ ಈಜಿಪುರದಲ್ಲಿ 2017ರಲ್ಲಿ ಎರಡೂವರೆ ಕಿಲೋಮೀಟರಿನ ಮೇಲ್ಸೇತುವೆಯ ಕೆಲಸ ಶುರುವಾಯಿತು. ಕಂಬಗಳು ಎದ್ದವು, ಕೆಲಸ ನಿಂತಿತು, ಗುತ್ತಿಗೆದಾರರು ಬದಲಾದರು. ನಡುರಸ್ತೆಯ ಸರ್ಕಾರಿ ಜಾಗದಲ್ಲಿ ಆ ಕಂಬಗಳು ವರ್ಷಗಟ್ಟಲೆ ಸುಮ್ಮನೆ ನಿಂತಿದ್ದವು. ಯಾವ ಅಧಿಕಾರಿಯೂ ಅವುಗಳ ಬಳಿ ಹೋಗಿ ಭೋಗ್ಯದ ಪತ್ರ ಕೇಳಲಿಲ್ಲ.