ಆಬ್ಜೆಕ್ಷನ್ ಹಾಕಿ ವಾಪಸ್

(ಮೈಸೂರಿನ ಕುವೆಂಪುನಗರದ ಒಂದು ಮನೆ. ಭಾನುವಾರ ಬೆಳಿಗ್ಗೆ ಹನ್ನೊಂದು. ಊಟದ ಮೇಜಿನ ಮೇಲೆ ಊಟವೊಂದು ಬಿಟ್ಟು ಮಿಕ್ಕೆಲ್ಲ ಇದೆ: ಮೂರು ದಪ್ಪ ಪುಸ್ತಕ, ಅಂಚಿನ ತುಂಬ ಬಣ್ಣಬಣ್ಣದ ಟ್ಯಾಬುಗಳು, ಹೈಲೈಟರು, ಆರಿದ ಕಾಫಿ. ಸೊಸೆ ಶ್ವೇತಾ ಅಮೆರಿಕದ ಆಸ್ಪತ್ರೆಗಳ ಬಿಲ್ಲಿಗೆ ಕೋಡ್ ಹಾಕುವ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ದುಡಿಯುವವಳು. ಮಾವ ನಂಜುಂಡಯ್ಯ ಖಜಾನೆಯಲ್ಲಿ ಜೀವಮಾನವೆಲ್ಲ ಬಿಲ್ಲುಗಳನ್ನು ವಾಪಸು ಕಳಿಸಿ ನಿವೃತ್ತರಾದವರು. ಕೆಲವನ್ನು ಪಾಸು ಮಾಡಿದ್ದೂ ಇರಬಹುದು, ಅದನ್ನು ಅವರು ಹೇಳಿಕೊಳ್ಳುವುದಿಲ್ಲ. ಅತ್ತೆ ಗಿರಿಜಮ್ಮ ಅವರೆಕಾಯಿ ಸುಲಿಯುತ್ತಿದ್ದಾರೆ.)

ನಂಜುಂಡಯ್ಯ: ಏನಮ್ಮಾ, ಇಷ್ಟನ್ನೂ ಬಾಯಿಪಾಠ ಮಾಡ್ಬೇಕಾ?

ಶ್ವೇತಾ: ಇಲ್ಲ ಮಾವ, ಪುಸ್ತಕ ಇಟ್ಕೊಂಡೇ ಬರೆಯೋದು.

ನಂಜುಂಡಯ್ಯ: ನೋಡ್ಕೊಂಡು? ಇನ್ವಿಜಿಲೇಟರ್ ಎದುರಿಗೇ?

ಶ್ವೇತಾ: ಹೌದು, ಮೂರೂ ಪುಸ್ತಕ. ರೋಗಕ್ಕೆ ಐಸಿಡಿ-10-ಸಿಎಂ, ಡಾಕ್ಟ್ರು ಮಾಡಿದ ಕೆಲಸಕ್ಕೆ ಸಿಪಿಟಿ, ಔಷಧಿಗೆ ಹಿಕ್‌ಪಿಕ್ಸ್.

ಗಿರಿಜಮ್ಮ: ಒಂದು ಲೋಟ ನೀರು ಕುಡೀಮ್ಮ.

ನಂಜುಂಡಯ್ಯ: ನಮ್ಮ ಕಾಲದಲ್ಲಿ ಇದಕ್ಕೆ ಡಿಬಾರ್ ಅಂತಿದ್ರು. ಪುಸ್ತಕ ಎದುರಿಗಿಟ್ಕೊಂಡು ಯಾರಾದ್ರೂ ಫೇಲಾಗ್ತಾರಾ?

ಶ್ವೇತಾ: ಪುಸ್ತಕ ಇದೆ ಅನ್ನೋ ಧೈರ್ಯದಲ್ಲೇ ಫೇಲಾಗೋದು ಮಾವ. 100 ಪ್ರಶ್ನೆ, 4 ಗಂಟೆ. ಒಂದಕ್ಕೆ 2 ನಿಮಿಷ 24 ಸೆಕೆಂಡ್. ಕೇಸ್ ಓದೋಕೇ ಒಂದು ನಿಮಿಷ ಹೋಗುತ್ತೆ. ಐಸಿಡಿಲಿ 70,000ಕ್ಕೂ ಮೇಲೆ ಕೋಡ್ ಇದೆ, ಪುಟ ಹುಡುಕ್ತಾ ಕೂತ್ರೆ ಮುಗೀತು ಕಥೆ. ಪಾಸಾಗೋಕೆ 70 ಪರ್ಸೆಂಟ್ ಬೇಕು.

ಗಿರಿಜಮ್ಮ: ಹೋದ್ಸಲ ಒಂದು ಪಾಸ್ ಮಾಡಿ ಮೈಸೂರ್ ಪಾಕ್ ಹಂಚಿದ್ಯಲ್ಲ?

ಶ್ವೇತಾ: ಅದು ಸಿಪಿಸಿ ಅತ್ತೆ, ಎಲ್ಲಾ ಕಾಯಿಲೆಗೂ ಸೇರಿಸಿ. ಇದು ಕ್ಯಾನ್ಸರಿಗೆ, ರಕ್ತದ ಕಾಯಿಲೆಗೆ ಅಂತಲೇ. ಅದನ್ನ ನಡೆಸೋ ಎಎಪಿಸಿಯವರದ್ದೇ ಇದೂ. ಆಫೀಸಲ್ಲಿ ಆಂಕಾಲಜಿ ಟೀಮಿಗೆ ಹೋಗ್ಬೇಕಂದ್ರೆ ಇದನ್ನ ಕೇಳ್ತಾರೆ.

ನಂಜುಂಡಯ್ಯ: ಈ ಪುಸ್ತಕ ಅವೆನ್ಯೂ ರೋಡಲ್ಲಿ ಹಳೇದು ಸಿಕ್ತಿರ್ಲಿಲ್ವಾ?

ಶ್ವೇತಾ: ಹಳೇದು ತಗೊಂಡ್ರೆ ಹಳೇ ಕೋಡೇ ಬರೀತೀನಿ. ಐಸಿಡಿ ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಬದಲಾಗುತ್ತೆ, ಸಿಪಿಟಿ ಜನವರಿ 1ಕ್ಕೆ.

ನಂಜುಂಡಯ್ಯ: ಸರ್ಕಾರಿ ಆದೇಶ ಇದ್ದ ಹಾಗೆ. ಹಿಂದಿನದನ್ನು ಭಾಗಶಃ ಮಾರ್ಪಡಿಸಿ. (ಕುರ್ಚಿ ಎಳೆದುಕೊಂಡು ಕೂತರು. ಇನ್ನು ಏಳುವುದಿಲ್ಲ ಎಂದು ಗಿರಿಜಮ್ಮನಿಗೆ ಗೊತ್ತಾಯಿತು.) ಇದೇನು, ನಮೂನೆ ಥರ ಕಾಲಂ ಹಾಕಿದಾರೆ?

ಶ್ವೇತಾ: ನಿಯೋಪ್ಲಾಸಮ್ ಟೇಬಲ್. ಎಡಗಡೆ ದೇಹದ ಭಾಗ, ಅದರೆದುರಿಗೆ 6 ಕಾಲಂ. ಗಡ್ಡೆ ಅಲ್ಲೇ ಹುಟ್ಟಿದ್ದಾ, ಬೇರೆ ಕಡೆಯಿಂದ ಹರಡಿ ಬಂದಿದ್ದಾ, ಇನ್ನೂ ಜಾಗ ಬಿಟ್ಟು ಆಚೆ ಬಂದಿಲ್ವಾ, ನಿರಪಾಯದ್ದಾ. ಕೊನೇ ಎರಡು ಕಾಲಮ್ಮೇ ಎಲ್ಲರನ್ನೂ ಬೀಳ್ಸೋದು. ಡಿ37ರಿಂದ ಡಿ48ರ ತನಕ ಒಂದು ಗುಂಪು. ಅಲ್ಲಿ ಪೆಥಾಲಜಿಸ್ಟ್ ಮೈಕ್ರೋಸ್ಕೋಪಲ್ಲಿ ನೋಡಿದಾರೆ, ನೋಡಿದ ಮೇಲೂ ಅದರ ಸ್ವಭಾವ ಏನು ಅಂತ ಹೇಳೋಕಾಗಿಲ್ಲ. ಡಿ49 ಅಂದ್ರೆ ಸ್ವಭಾವ ಏನು ಅಂತ ಇನ್ನೂ ಯಾರೂ ಬರೆದೇ ಇಲ್ಲ.

ನಂಜುಂಡಯ್ಯ: ಹಾಗಾದ್ರೆ ನಾನು ಡಿ48. ನಿಮ್ಮತ್ತೆ ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೂ ನನ್ನ ಸ್ವಭಾವ ಗೊತ್ತಾಗ್ಲಿಲ್ಲ ಅಂತಾಳೆ.

ಗಿರಿಜಮ್ಮ: ನೀವು ಡಿ49 ಕಣ್ರೀ. ಕೊಡೋಕ್ಮುಂಚೆ ನಮ್ಮಪ್ಪ ಪರೀಕ್ಷೆ ಮಾಡಿದ್ರೆ ತಾನೆ?

(ಶ್ವೇತಾ ಇಬ್ಬರ ಉತ್ತರವನ್ನೂ ಪೆನ್ಸಿಲ್ಲಿನಲ್ಲಿ ಮಾರ್ಜಿನ್ನಿಗೆ ಬರೆದುಕೊಂಡಳು. ನೆನಪಿಡಲು ಇದಕ್ಕಿಂತ ಒಳ್ಳೆಯ ಸೂತ್ರ ಯಾವ ಕೋಚಿಂಗಿನಲ್ಲೂ ಸಿಗುವುದಿಲ್ಲ.)

ಗಿರಿಜಮ್ಮ: ಅದಿರ್ಲಿ, ನಮ್ಮಕ್ಕಂಗೆ ಯಾವ ನಂಬರು? ಎದೆ ಆಪರೇಷನ್ ಆಗಿ ಮೂರು ವರ್ಷ ಆಯ್ತಲ್ಲ.

ಶ್ವೇತಾ: ಎಡಗಡೆ ಅಲ್ವಾ ದೊಡ್ಡತ್ತೆಗೆ? ಮೇಲ್ಭಾಗದಲ್ಲಿ, ಕಂಕುಳ ಕಡೆಗೆ ಇದ್ದಿದ್ರೆ ಸಿ50.412. ಬಲಗಡೆ ಆಗಿದ್ರೆ 411.

ಗಿರಿಜಮ್ಮ: ಅದು ಆಗ. ಈಗ ಗಡ್ಡೆ ತೆಗೆದಾಯ್ತು, ಕೀಮೋನೂ ಮುಗೀತು, ಕೂದಲು ಬಂದು ಜಡೆ ಹಾಕ್ಕೊಳ್ತಾಳೆ.

ಶ್ವೇತಾ: ತೆಗೆದಾಗಿ, ಚಿಕಿತ್ಸೆ ಏನೂ ನಡೀತಾ ಇಲ್ಲ, ಕಾಯಿಲೆಯ ಗುರುತೂ ಇಲ್ಲ ಅಂದ್ರೆ ಸಿ ಹೋಗಿ ಝಡ್ ಬರುತ್ತೆ. ಝಡ್85.3. ಹಿಂದೆ ಇತ್ತು ಅಂತ.

ಗಿರಿಜಮ್ಮ: ಹಾಗೇ ಹಾಕು ಮತ್ತೆ.

ಶ್ವೇತಾ: ಆದ್ರೆ ದಿನಾ ರಾತ್ರಿ ಒಂದು ಮಾತ್ರೆ ತಗೊಳ್ತಾರಲ್ಲ ಅತ್ತೆ, ಹಾರ್ಮೋನಿಂದು?

ಗಿರಿಜಮ್ಮ: ಐದು ವರ್ಷ ತಗೋಬೇಕು ಅಂದಿದಾರೆ. ಅದಕ್ಕೇನೀಗ?

ಶ್ವೇತಾ: ಅಲ್ಲೇ ಇರೋದು ಪ್ರಶ್ನೆ. ಆ ಮಾತ್ರೆ ಕ್ಯಾನ್ಸರಿನ ಚಿಕಿತ್ಸೆ ಅಂತಲೇ ಕೊಡ್ತಿದ್ರೆ ಇನ್ನೂ ಸಿ50. ಮತ್ತೆ ಬರದ ಹಾಗೆ ಮುನ್ನೆಚ್ಚರಿಕೆಗೆ ಅಂತ ಕೊಡ್ತಿದ್ರೆ ಝಡ್. ಮಾತ್ರೆ ಅದೇ, ಡಾಕ್ಟ್ರು ಯಾತಕ್ಕೆ ಅಂತ ಬರೆದಿದಾರೆ ಅನ್ನೋದರ ಮೇಲೆ ಕೋಡ್ ಬೇರೆ.

ಗಿರಿಜಮ್ಮ: ಯಾತಕ್ಕಾದ್ರೂ ಬರ್ಕೊಳ್ಲಿ, ನೀನು ಝಡ್ ಹಾಕಮ್ಮ. ಪುಣ್ಯ ಬರುತ್ತೆ.

ನಂಜುಂಡಯ್ಯ: ಲೇ, ಪುಣ್ಯ ಬರುತ್ತೆ ಅಂತ ಬಿಲ್ ಪಾಸ್ ಮಾಡಿದೋರೆಲ್ಲ ಸಸ್ಪೆಂಡ್ ಆಗಿದಾರೆ. ಆದೇಶದ ಪ್ರತಿ ಲಗತ್ತಿಸಿಲ್ಲ, ವಾಪಸ್.

ಶ್ವೇತಾ: ಕರೆಕ್ಟ್ ಮಾವ. ನಮ್ಮಲ್ಲೂ ಅದೇ. ಬರೆದಿಲ್ಲ ಅಂದ್ರೆ ಮಾಡಿಲ್ಲ ಅಂತಲೇ ಲೆಕ್ಕ.

(ಈ ಮಾತು ಕೇಳಿ ನಂಜುಂಡಯ್ಯನವರ ಮುಖ ಪಿಂಚಣಿ ಪರಿಷ್ಕರಣೆಯ ದಿನ ಅರಳಿದಂತೆ ಅರಳಿತು. ಪ್ರಶ್ನೆಗಳ ಹಾಳೆ ಅವರ ಕೈಗೆ ಹೋಯಿತು. ಕನ್ನಡಕವೂ ಬಂತು.)

ನಂಜುಂಡಯ್ಯ: ಕೇಳು. ರೋಗಿಗೆ ಕೀಮೋ ಡ್ರಿಪ್ಪು. ಶುರು 9:00, ಮುಕ್ತಾಯ 10:30. ಒಂದೇ ಔಷಧಿ.

ಶ್ವೇತಾ: 96413. ಅಷ್ಟೇ.

ನಂಜುಂಡಯ್ಯ: ಇಲ್ಲಿ 96415 ಅಂತ ಇನ್ನೊಂದಿದೆ, ಹೆಚ್ಚುವರಿ ಗಂಟೆಗೆ.

ಶ್ವೇತಾ: ಅದಕ್ಕೆ ಮೊದಲನೇ ಗಂಟೆ ಕಳೆದು 30 ನಿಮಿಷಕ್ಕಿಂತ ಜಾಸ್ತಿ ಆಗಿರ್ಬೇಕು. 10:30 ಅಂದ್ರೆ ಸರಿಯಾಗಿ 30. ಜಾಸ್ತಿ ಆಗ್ಲಿಲ್ಲ. 10:31 ಆಗಿದ್ರೆ ಸಿಕ್ತಿತ್ತು.

ನಂಜುಂಡಯ್ಯ: (ಹಾಳೆ ಕೆಳಗಿಟ್ಟು) ಒಂದು ನಿಮಿಷಕ್ಕೆ ದುಡ್ಡು ಹೋಯ್ತು!

ಗಿರಿಜಮ್ಮ: ಶುರುವಾಯ್ತು. ಶ್ವೇತಾ, ನೀನು ಆ ಪ್ರಶ್ನೆ ತೆಗೀಬಾರ್ದಿತ್ತು.

ನಂಜುಂಡಯ್ಯ: ನಾನು ರಿಟೈರಾಗಿದ್ದು ಜೂನ್ 30ಕ್ಕೆ. ಇನ್‌ಕ್ರಿಮೆಂಟು ಜುಲೈ 1ಕ್ಕೆ. ವರ್ಷ ಪೂರ್ತಿ ದುಡಿದಿದೀನಿ, ಒಂದು ರಾತ್ರಿ ಕಡಿಮೆ ಬಿತ್ತು ಅಂತ ಕೊಡ್ಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು, ನಮ್ಮ ಕರ್ನಾಟಕದ್ದೇ ಕೇಸಲ್ಲಿ, ಕೊಡ್ಬೇಕು ಅಂತ ಹೇಳ್ತು. ನನ್ನ ಅರ್ಜಿ ಎಲ್ಲಿದೆ ಗೊತ್ತಾ?

ಗಿರಿಜಮ್ಮ: ಗೊತ್ತು. ಬೀದಿಗೆಲ್ಲ ಗೊತ್ತು.

ನಂಜುಂಡಯ್ಯ: ಆಬ್ಜೆಕ್ಷನ್ ಹಾಕಿ ವಾಪಸ್ ಕಳಿಸಿದಾರೆ! ನನಗೆ!

(ಎರಡು ನಿಮಿಷ 24 ಸೆಕೆಂಡಿಗಿಂತ ಹೆಚ್ಚೇ ಹೋಯಿತು.)

ಶ್ವೇತಾ: ಮಾವ, ಮುಂದಿನ ಪ್ರಶ್ನೆ.

ನಂಜುಂಡಯ್ಯ: ಹ್ಞಾಂ. ಇನ್ನೊಬ್ಬ ರೋಗಿ. ಶುರು ಬೆಳಿಗ್ಗೆ 8:10. ಮುಕ್ತಾಯ... ಬರೆದೇ ಇಲ್ಲ.

ಶ್ವೇತಾ: ಮುಗಿದ ಸಮಯ ಇಲ್ಲ ಅಂದ್ರೆ ಡ್ರಿಪ್ ಅಂತ ಹಾಕೋ ಹಾಗಿಲ್ಲ. ಪುಶ್ ಅಂತ ಹಾಕ್ಬೇಕು. ಅಂದ್ರೆ 15 ನಿಮಿಷದೊಳಗೆ ಕೊಟ್ಟ ಇಂಜೆಕ್ಷನ್ ಲೆಕ್ಕ.

ಗಿರಿಜಮ್ಮ: ಅಯ್ಯೋ, ಆಯಮ್ಮ ಮಧ್ಯಾಹ್ನದ ತನಕ ಸೂಜಿ ಚುಚ್ಚಿಸ್ಕೊಂಡು ಮಲಗಿದ್ಲೋ ಏನೋ!

ಶ್ವೇತಾ: ಮಲಗಿರ್ತಾರೆ ಅತ್ತೆ. ನರ್ಸ್ ಗಡಿಯಾರ ನೋಡಿಲ್ಲ.

ನಂಜುಂಡಯ್ಯ: ಮುಂದೆ. ಹೊರರೋಗಿ. ಕೆಮ್ಮು, ಸ್ಕ್ಯಾನಲ್ಲಿ ಬಲ ಶ್ವಾಸಕೋಶದಲ್ಲಿ ಒಂದು ಗಂಟು. ಡಾಕ್ಟರ ಷರಾ: ಶ್ವಾಸಕೋಶದ ಕ್ಯಾನ್ಸರ್ ಇರಬಹುದು.

ಶ್ವೇತಾ: ಸಿ34... ಬಲಗಡೆ...

ನಂಜುಂಡಯ್ಯ: ಆಬ್ಜೆಕ್ಷನ್.

ಶ್ವೇತಾ: ಏನು ಮಾವ?

ನಂಜುಂಡಯ್ಯ: ‘ಇರಬಹುದು’ ಅಂತ ಬರೆದಿದಾನೆ. ಇದೆ ಅಂದಿಲ್ಲ. ಸೇತುವೆ ಕಟ್ಟಿರಬಹುದು ಅಂತ ಇಂಜಿನಿಯರ್ ಬರೆದ್ರೆ ನಾನು ದುಡ್ಡು ಬಿಡ್ತಿದ್ನಾ?

ಶ್ವೇತಾ: (ಪುಟ ತಿರುಗಿಸಿ, ತುಟಿ ಕಚ್ಚಿ) ಹೌದು ಮಾವ. ಹೊರರೋಗಿಗೆ ‘ಇರಬಹುದು’, ‘ಅನುಮಾನ’, ಇವನ್ನ ಕೋಡ್ ಮಾಡೋ ಹಾಗಿಲ್ಲ. ಕಂಡಿದ್ದು ಗಂಟು, ಗಂಟಿಗೇ ಹಾಕ್ಬೇಕು. ಆರ್91.1.

ನಂಜುಂಡಯ್ಯ: ಹಾಂ!

ಶ್ವೇತಾ: ಅಡ್ಮಿಟ್ ಆಗಿದ್ದು, ಡಿಸ್ಚಾರ್ಜ್ ಹೊತ್ತಲ್ಲಿ ಆಸ್ಪತ್ರೆಯವರು ‘ಇರಬಹುದು’ ಅಂತ ಬರೆದಿದ್ರೆ ಮಾತ್ರ ಇದೆ ಅಂತಲೇ ಹಾಕ್ಬಹುದು.

ನಂಜುಂಡಯ್ಯ: ಅದು ಸರಿಯಿಲ್ಲ. ಇಡೀ ಪುಸ್ತಕದಲ್ಲಿ ಅದೊಂದು ಸರಿಯಿಲ್ಲ.

ಗಿರಿಜಮ್ಮ: ಅಮೆರಿಕಕ್ಕೆ ಕಾಗದ ಬರೀರಿ.

ನಂಜುಂಡಯ್ಯ: ಇದು ನೋಡು, ಔಷಧಿ ಲೆಕ್ಕ. ಬೋರ್ಟೆಜೊಮಿಬ್, ಒಂದು ಸಲಕ್ಕಷ್ಟೇ ಬಳಸೋ ಸೀಸೆ, 3.5 ಮಿಲಿಗ್ರಾಂ. ಕೊಟ್ಟಿದ್ದು 2.5. ಉಳಿದಿದ್ದು ಬಿಸಾಡಿದ್ದು.

ಶ್ವೇತಾ: ಜೆ9041. ಒಂದು ಯೂನಿಟ್ ಅಂದ್ರೆ 0.1 ಮಿಲಿಗ್ರಾಂ. ಹಾಗಾಗಿ ಕೊಟ್ಟಿದ್ದಕ್ಕೆ 25 ಯೂನಿಟ್. ಇನ್ನೊಂದು ಸಾಲಲ್ಲಿ ಬಿಸಾಡಿದ್ದಕ್ಕೆ 10 ಯೂನಿಟ್, ಅದರ ಮುಂದೆ ಜೆಡಬ್ಲ್ಯೂ.

ಗಿರಿಜಮ್ಮ: ಚೆಲ್ಲಿದ್ದಕ್ಕೂ ದುಡ್ಡು ಕೊಡ್ತಾರಾ?

ಶ್ವೇತಾ: ಕೊಡ್ತಾರೆ ಅತ್ತೆ, ಎಷ್ಟು ಚೆಲ್ಲಿದ್ರಿ ಅಂತ ಬರೆದಿದ್ರೆ. ತುಂಬ ದುಬಾರಿ ಔಷಧಿಗಳು.

ನಂಜುಂಡಯ್ಯ: ಏನೂ ಚೆಲ್ಲದೇ ಇದ್ರೆ ಸುಮ್ನೆ ಬಿಟ್ಬಿಡೋದು, ಅಲ್ವಾ?

ಶ್ವೇತಾ: ಮೊದಲು ಹಾಗಿತ್ತು. 2023ರ ಜುಲೈ 1ರಿಂದ ಮೆಡಿಕೇರಿನವರು, ಅಂದ್ರೆ ಅಲ್ಲಿನ ವಯಸ್ಸಾದೋರ ಸರ್ಕಾರಿ ವಿಮೆಯವರು, ಏನೂ ಚೆಲ್ಲಿಲ್ಲ ಅಂತಲೂ ಬರೀರಿ ಅಂದ್ರು. ಅದಕ್ಕೆ ಜೆಝಡ್.

ನಂಜುಂಡಯ್ಯ: (ಎದ್ದು ನಿಂತು) ಶೂನ್ಯ ವರದಿ!

ಗಿರಿಜಮ್ಮ: ಮೆಲ್ಲಗೆ ರೀ, ಪಕ್ಕದ ಮನೆಯೋರು ಹೆದರ್ತಾರೆ.

ನಂಜುಂಡಯ್ಯ: ತಿಂಗಳು ತಿಂಗಳು ಶೂನ್ಯ ವರದಿ ಕಳಿಸಿ, ಕಳಿಸಿ ಅಂತ ಬಡ್ಕೊಂಡೆ. ‘ಏನೂ ಇಲ್ಲ ಅಂದ್ಮೇಲೆ ಏನು ಸರ್ ಕಳಿಸೋದು’ ಅಂತ ಹಲ್ಲು ಕಿರೀತಿದ್ರು. ನೋಡು, ಅಮೆರಿಕಕ್ಕೆ 2023ರಲ್ಲಿ ಬುದ್ಧಿ ಬಂದಿದೆ.

ಶ್ವೇತಾ: ಇನ್ನೊಂದೇ ಒಂದು ಕೇಳಿ ಮಾವ, ರಕ್ತಹೀನತೇದು. ನನಗೆ ಯಾವಾಗ್ಲೂ ಹಿಂದುಮುಂದಾಗುತ್ತೆ. ಕ್ಯಾನ್ಸರಿಂದಲೇ ರಕ್ತ ಕಡಿಮೆಯಾಗಿ ಅದರ ಚಿಕಿತ್ಸೆಗೆ ಬಂದ್ರೆ ಮೊದಲು ಕ್ಯಾನ್ಸರ್, ಆಮೇಲೆ ಡಿ63.0. ಕೀಮೋ ಕೊಟ್ಟಿದ್ದರಿಂದ ಕಡಿಮೆಯಾಗಿದ್ರೆ ಡಿ64.81 ಮೊದಲು, ಕ್ಯಾನ್ಸರ್ ಆಮೇಲೆ, ಜೊತೆಗೆ ಔಷಧಿಯ ಅಡ್ಡಪರಿಣಾಮಕ್ಕೆ ಟಿ45.1ಎಕ್ಸ್5ಎ.

ನಂಜುಂಡಯ್ಯ: ಜ್ಯೇಷ್ಠತಾ ಪಟ್ಟಿ. ಹೋದ ಕಡೆ ಎಲ್ಲ ಅದದೇ ಜಗಳ.

ಗಿರಿಜಮ್ಮ: ಪರೀಕ್ಷೆ ಎಲ್ಲಿ, ಬೆಂಗಳೂರಿಗೆ ಹೋಗ್ಬೇಕಾ?

ಶ್ವೇತಾ: ಮನೇಲೇ ಅತ್ತೆ, ಆನ್‌ಲೈನು. ಅದನ್ನ ಹೇಗೆ ಹೇಳೋದು ಅಂತಲೇ ಯೋಚಿಸ್ತಿದ್ದೆ. ಕ್ಯಾಮೆರಾಲಿ ಯಾರೋ ಪೂರ್ತಿ ನೋಡ್ತಾ ಇರ್ತಾರೆ. ನಾಲ್ಕು ಗಂಟೆ ರೂಮಿಗೆ ಯಾರೂ ಬರೋ ಹಾಗಿಲ್ಲ.

ಗಿರಿಜಮ್ಮ: ಕಾಫಿ?

ಶ್ವೇತಾ: ಕಾಫಿನೂ ಬೇಡ.

ಗಿರಿಜಮ್ಮ: ಬಾಗಿಲು ತೆಗೆದು ಒಳಗಿಟ್ಟು ಹೋಗ್ತೀನಿ, ಮಾತಾಡಲ್ಲ.

ಶ್ವೇತಾ: ಅತ್ತೆ, ಪ್ಲೀಸ್. ಪರೀಕ್ಷೆನೇ ನಿಲ್ಲಿಸಿಬಿಡಬಹುದು.

ನಂಜುಂಡಯ್ಯ: ನಾನು ಬಾಗಿಲಲ್ಲಿ ಕೂತ್ಕೋತೀನಿ, ಬಿಡು. ಅಂದ್ಹಾಗೆ, ನಾನು ಒಂದು ಹಾಳೇಲಿ ಈ ನಿಮಿಷದ ಲೆಕ್ಕ ಎಲ್ಲ ನೀಟಾಗಿ ಬರೆದುಕೊಡ್ಲಾ? ಪುಸ್ತಕಕ್ಕೆ ಅಂಟಿಸ್ಕೋ.

ಶ್ವೇತಾ: ಪುಸ್ತಕದಲ್ಲೇ ಕೈಬರಹದಲ್ಲಿ ಬರ್ಕೋಬಹುದು, ಟ್ಯಾಬ್ ಅಂಟಿಸ್ಬಹುದು. ಹಾಳೆ ಅಂಟಿಸೋ ಹಾಗಿಲ್ಲ ಮಾವ.

ಗಿರಿಜಮ್ಮ: ನನ್ನ ಕಾಫಿನೂ ಬೇಡ, ನಿಮ್ಮ ಚೀಟಿನೂ ಬೇಡ. (ಅವರೆಕಾಯಿ ಪಕ್ಕಕ್ಕಿಟ್ಟು ಪುಸ್ತಕದ ಮೇಲೆ ಬಗ್ಗಿ) ಇದೇನು, ಈ ಒಂದು ಟ್ಯಾಬ್ ಮಾತ್ರ ಗುಲಾಬಿ?

ಶ್ವೇತಾ: ಅದು... ಅದು ಪರೀಕ್ಷೆಗೆ ಬರಲ್ಲ ಅತ್ತೆ. ಆಫೀಸಲ್ಲಿ ತಮಾಷೆಗೆ ಅಂತ.

ನಂಜುಂಡಯ್ಯ: (ತೆರೆದು, ಒಂದೊಂದೇ ಪದ ಕೂಡಿಸಿ) ಝಡ್63.1. ಪ್ರಾಬ್ಲಮ್ಸ್ ಇನ್ ರಿಲೇಶನ್‌ಶಿಪ್... ವಿತ್ ಇನ್-ಲಾಸ್.

ಗಿರಿಜಮ್ಮ: ಹಾಗಂದ್ರೇನ್ರೀ?

ನಂಜುಂಡಯ್ಯ: ಅತ್ತೆ ಮಾವಂದಿರ ಕಾಟ ಅಂತ. ಅಮೆರಿಕದಲ್ಲಿ ಅದಕ್ಕೂ ಒಂದು ನಂಬರು ಕೊಟ್ಟಿದಾರೆ.

ಶ್ವೇತಾ: ಅತ್ತೆ, ದೇವರಾಣೆ, ನಾನು ಅದನ್ನ ಯಾರಿಗೂ ಹಾಕಿಲ್ಲ. ಮೊದಲನೇದಾಗಿ ಅದಕ್ಕೆ ದಾಖಲೆನೇ ಇಲ್ಲ.

ಗಿರಿಜಮ್ಮ: ಪರೀಕ್ಷೆ ಮುಗೀಲಮ್ಮ, ಒದಗಿಸ್ತೀನಿ.