ಅರ್ಧ ಕೊಟ್ಟಿಗೆಯೊಂದಿಗೆ ಪೂರ್ತಿ ಮಾತುಕತೆ

ಸಕಲೇಶಪುರದ ಕಡೆಯ ಹಳೇ ಕೊಟ್ಟಿಗೆ. ಒಂದು ಕಾಲದಲ್ಲಿ ಮಲೆನಾಡು ಗಿಡ್ಡ ದನಗಳು ತುಂಬಿದ್ದ ಜಾಗ. ಈಗ ನಡುವೆ ಹಲಗೆಯ ಗೋಡೆ ಎದ್ದು ಒಂದು ಪಾಲು ಕೋಳಿಮನೆಯಾಗಿದೆ. ಸಂದರ್ಶನಕ್ಕೆ ಕೂಡಲೇ ಒಪ್ಪಿತು. ಮಾತಾಡಿಸುವವರಿಲ್ಲದೆ ಬಹಳ ದಿನವಾಗಿತ್ತಂತೆ.

ದನದಿಂದ ಕೋಳಿಗೆ ಬಂದಿದ್ದೀರಿ. ಬಡ್ತಿಯೋ, ಹಿಂಬಡ್ತಿಯೋ?

ಮರುನೇಮಕ ಅನ್ನಿ. ಗದ್ದೆಗೆ ಟಿಲ್ಲರ್ ಇಳಿದ ವರ್ಷ ಎತ್ತು ಹೋದವು. ಮೇಯಿಸೋರಿಲ್ಲ ಅಂತ ಹಸುಗಳೂ ಹೋದವು. ಆಮೇಲೆ ಮುರಿದ ಕುರ್ಚಿ, ತುಕ್ಕು ಹಿಡಿದ ಸ್ಪ್ರೇಯರ್, ಚುನಾವಣೆ ಬಾವುಟ ಇವನ್ನೆಲ್ಲ ಕಾಯ್ಕೊಂಡಿದ್ದೆ. ಬಾವುಟ ಎಲ್ಲ ಪಕ್ಷದ್ದೂ ಇದ್ವು. ನಮ್ಮ ಯಜಮಾನರು ಯಾರಿಗೂ ಇಲ್ಲ ಅಂದೋರಲ್ಲ.

ಕೋಳಿಮನೆ ಕೆಲಸ ಎಲ್ಲಿಂದ ಶುರುವಾಯಿತು?

ಬೋರ್ಡಿನಿಂದ. ಕೋಳಿಗಿಂತ ಮೊದಲು ‘ನಾಟಿ ಕೋಳಿ ಫಾರಂ’ ಅನ್ನೋ ಬೋರ್ಡು ಬಂತು, ಲೈಟಿನ ಸಮೇತ. ಬಂದ ಮರಿ ನೋಡಿದ್ರೆ ಗಿರಿರಾಜ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ತಳಿ. ಒಳ್ಳೇ ತಳಿ, ನನ್ನದೇನೂ ತಕರಾರಿಲ್ಲ. ಇಲ್ಲಿಂದ ಹೊರಡುವಾಗ ಗಿರಿರಾಜ, ಸಂತೆ ತಲುಪೋ ಹೊತ್ತಿಗೆ ಬುಟ್ಟಿಯೊಳಗೇ ನಾಟಿ ಆಗಿರ್ತವೆ, ಅಷ್ಟೆ.

ನೆಲಕ್ಕೆ ‘ಡೀಪ್ ಲಿಟರ್’ ಪದ್ಧತಿ ಅಳವಡಿಸಿದ್ದಾರಂತೆ?

ಯಜಮಾನರು ತರಬೇತಿ ಮುಗಿಸಿ ಬಂದು ನನಗೇ ಪಾಠ ಮಾಡಿದ್ರು. ನೆಲಕ್ಕೆ ಭತ್ತದ ಹೊಟ್ಟು ಹಾಸಬೇಕಂತೆ, ಹಿಕ್ಕೆ ಅದರಲ್ಲೇ ಬೆರೆತು ಗೊಬ್ಬರ ಆಗುತ್ತಂತೆ, ಹೊಸ ತಂತ್ರಜ್ಞಾನವಂತೆ. ಅಲ್ಲಾ ಸ್ವಾಮಿ, ಇವರ ಅಜ್ಜಿ ಕಾಡಿಂದ ಸೊಪ್ಪು, ದರಗು ಹೊತ್ತು ತಂದು ದಿನಾ ನನ್ನ ನೆಲಕ್ಕೆ ಹಾಸ್ತಿದ್ರು. ಸಗಣಿ, ಗಂಜಲ ಸೇರಿ ಅದೇ ಗದ್ದೆಗೆ ಗೊಬ್ಬರ. ಆಯಮ್ಮನಿಗೆ ಯಾರು ಸರ್ಟಿಫಿಕೇಟು ಕೊಟ್ರು?

ವ್ಯತ್ಯಾಸ ಒಂದೇ, ನನ್ನ ಕಷ್ಟವೂ ಅದೇ. ಆಗ ಹಾಸು ನೆನೆದಷ್ಟೂ ಒಳ್ಳೇದು. ಈಗ ಒಣಗಿರಬೇಕು. ನೆನೆದ್ರೆ ಅಮೋನಿಯಾ ಎದ್ದು ಕೋಳಿಗೆ ಕಣ್ಣುರಿ, ಮರಿಗಳಿಗೆ ರಕ್ತಭೇದಿ. ಹುಟ್ಟಿದಾಗಿನಿಂದ ನೆನೆಯೋದೇ ನನ್ನ ಉದ್ಯೋಗ. ಈ ವಯಸ್ಸಲ್ಲಿ ಒಣಗು ಅಂದ್ರೆ? ಅದೂ ಆಷಾಢದಲ್ಲಿ, ಸಕಲೇಶಪುರದಲ್ಲಿ!

ಮತ್ತೆ ಹೇಗೆ ನಿಭಾಯಿಸುತ್ತಿದ್ದೀರಿ?

ನಾನಲ್ಲ, ಯಜಮಾನ್ತಿ. ಒಂದು ಹಿಡಿ ಹೊಟ್ಟು ತಗೊಂಡು ಹಿಸುಕ್ತಾರೆ. ಉಂಡೆ ಕಟ್ಟಿದ್ರೆ ಒದ್ದೆ, ಉದುರಿದ್ರೆ ಸರಿ. ದಿನಾ ಕೆದಕ್ತಾರೆ, ನೀರಿನ ಬಟ್ಟಲ ಸುತ್ತ ಹೆಪ್ಪುಗಟ್ಟಿದ್ದನ್ನ ತೆಗೆದು ಹೊಸದು ಹಾಕ್ತಾರೆ, ಪಡುವಣ ಗಾಳಿಯ ಇರಿಚಲು ತಡೆಯೋಕೆ ಗೋಣಿ ಇಳಿಬಿಡ್ತಾರೆ. ಯಜಮಾನರು ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡ್ತಾರೆ.

ಹೆಂಚು ತೆಗೆದು ಶೀಟು ಹೊದಿಸುವ ಮಾತಿದೆ.

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಹೆಂಚಿನ ವಂಶ ನನ್ನ ತಲೆ ಮೇಲಿರೋದು. ಬಿಸಿಗಾಳಿ ಸಂದಿಯಲ್ಲಿ ತಾನಾಗಿ ಹೊರಗೆ ಹೋಗುತ್ತೆ. ಕೋಳಿಗೆ ಬೆವರೋಕೆ ಬರಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಣ್ಣಗಾಗಬೇಕು. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಯಜಮಾನರು ಒಂದು ಗಂಟೆ ಕೂತು ಬರಲಿ, ಆಮೇಲೆ ಹೊದಿಸಲಿ.

ಭದ್ರತೆ?

ಬೋರ್ಡಿಗೆ ಖರ್ಚಾಗಿ ಉಳಿದ ದುಡ್ಡಲ್ಲಿ ತೆಳು ಕೋಳಿ ಜಾಲರಿ ಬಂತು. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತೆ, ಬೇರೆಯವರು ಒಳಗೆ ಬರೋದನ್ನಲ್ಲ. ಮೊದಲ ವಾರವೇ ಕಬ್ಬೆಕ್ಕು ತಪಾಸಣೆಗೆ ಬಂತು. ಮುಂಗುಸಿ ಹಳೇ ಗಂಜಲದ ಕಾಲುವೆ ಹಿಡಿದು ನೇರ ಒಳಗೇ. ಕಾಲುವೆ ಬಾಯಿ ಮುಚ್ಚಿಸಿ, ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್ ಮೆಶ್ಶನ್ನ 1 ಅಡಿ ನೆಲದೊಳಕ್ಕೆ ಹೂತ ಮೇಲೆ ನಿದ್ದೆ ಬಂತು.

ಮೊಟ್ಟೆ ಪೆಟ್ಟಿಗೆಗಳು ಖಾಲಿ ಕಾಣುತ್ತಿವೆ?

5 ಕೋಳಿಗೆ ಒಂದರಂತೆ ಆಚಾರಿ ಕೂತು ಮಾಡಿದ್ದು. ಕೋಳಿಗಳಿಗೆ ಹಿಡಿಸಿದ್ದು ದನದ ಗೋದಲಿಯ ಕತ್ತಲೆ ಮೂಲೆ. ಇಲಾಖೆಯವರು ಬಂದು ಪೆಟ್ಟಿಗೆ ಬಗ್ಗಿ ನೋಡಿ, ಉತ್ಪಾದನೆ ಇಲ್ಲ ಅಂತ ಬರಕೊಂಡ್ರು. ಹೋಗುವಾಗ ಯಜಮಾನ್ತಿ ಅವರ ಚೀಲಕ್ಕೆ ಒಂದು ಡಜನ್ ಹಾಕಿ ಕಳಿಸಿದ್ರು.

ಲಾಭ ಹೇಗಿದೆ?

ಅಗೋ ಗೋಡೆ ಮೇಲೆ, ಇದ್ದಿಲಲ್ಲಿ. 50 ಕೋಳಿ, ದಿನಕ್ಕೆ 50 ಮೊಟ್ಟೆ, 365ರಿಂದ ಗುಣಿಸಿದ್ದಾರೆ. ತಂದ ಮರಿಗಳಲ್ಲಿ ಎಷ್ಟೋ ಹುಂಜ. ಹೇಟೆ ಮೊಟ್ಟೆಗೆ ಬರೋಕೆ 5–6 ತಿಂಗಳು ಬೇಕು. ಗರಿ ಉದುರೋ ಕಾಲಕ್ಕೆ ರಜೆ ಹಾಕ್ತವೆ, ಲಸಿಕೆ ಮರೆತ್ರೆ ಕೊಕ್ಕರೆ ರೋಗ ಇಡೀ ಮನೆ ಗುಡಿಸುತ್ತೆ. ಇವುಕ್ಕೆಲ್ಲ ಗೋಡೆಯಲ್ಲಿ ಜಾಗ ಬಿಟ್ಟಿಲ್ಲ. ಯಜಮಾನ್ತಿ ಏನೂ ಬರೆಯೋದಿಲ್ಲ. ಮೊನ್ನೆ ಟಿಲ್ಲರಿನ ಕಂತು ಕಟ್ಟಿದ್ದು ಮಾತ್ರ ಅವರ ಮೊಟ್ಟೆ ದುಡ್ಡಲ್ಲಿ.

ಉಳಿದ ಅರ್ಧ ಭಾಗದ ಭವಿಷ್ಯ?

ಹೋಂಸ್ಟೇ ಮಾಡ್ತಾರಂತೆ. ‘ಕೊಟ್ಟಿಗೆಯಲ್ಲೊಂದು ರಾತ್ರಿ’ ಅಂತ ಬೋರ್ಡಿಗೆ ಆಗಲೇ ಹೇಳಿ ಬಂದಿದ್ದಾರೆ. ಕೋಳಿಗಾದ್ರೆ ತಲೆಗೆ 2 ಚದರ ಅಡಿ ಅಂತ ಲೆಕ್ಕ ಇದೆ. ಬೆಂಗಳೂರಿಂದ ಬರೋರಿಗೆ ತಲೆಗೆ ಎಷ್ಟು ಅಂತ ಇನ್ನೂ ತೀರ್ಮಾನ ಆಗಿಲ್ಲ.